ಬ್ಲಾಗು ತಾಣ ಮುಚ್ಚುವ ಮುನ್ನ ಮೆಮೊರಿಯ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದ ಪತ್ರವನ್ನು ಓದಿ ಈ ಸಾಲುಗಳನ್ನು ಬರೆಯುತ್ತಿದ್ದೇನೆ. ಹನ್ನೆರಡು ವರ್ಷಗಳಿಂದ ನಡೆಸಿಕೊಂಡು ಬಂದ ಕನ್ನಡದ ಬ್ಲಾಗು ತಾಣವೊಂದನ್ನು ಈ ತಿಂಗಳ ಕೊನೆಗೆ ಮುಚ್ಚುತ್ತಿರುವುದಾಗಿಯೂ, ತಾಣ ಇರುವ ಸರ್ವರ್ ಯಂತ್ರ ಪದೇ ಪದೇ ಕುಸಿಯುತ್ತಿರುವುದರಿಂದ 1 ಜಿಬಿ ಮೆಮೊರಿಯ (ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಜಾಗ) ಪ್ಲಾನಿನಿಂದ 4 ಜಿಬಿಗೆ ಏರಬೇಕೆಂದು ಸರ್ವರನ್ನು ಬಾಡಿಗೆಗೆ ಕೊಡುವ ಹೋಸ್ಟಿಂಗ್‌ನವರು ಹೇಳಿದ್ದಾರೆಂದೂ, ಆ ಖರ್ಚು ತಮ್ಮ ಕೈಗೆ ಎಟುಕುವುದಿಲ್ಲವೆಂದೂ ಅವರು ತೋಡಿಕೊಂಡಿದ್ದರು. ಅವರ ಬೇಸರ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷಗಳ ಹಿಂದೆ ನಾನೂ ಅದೇ ಜಾಗದಲ್ಲಿ ನಿಂತಿದ್ದೆ. ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. ತಾಣ ಮುಚ್ಚುವ ಮುನ್ನ ಅವರು ಒಂದು ಸಣ್ಣ ಗುಣಾಕಾರವನ್ನು ಮಾಡಿ ನೋಡಬೇಕೆಂಬುದು ನನ್ನ ವಿನಂತಿ. ಇಂಥದೇ ಸಂಕಟದಲ್ಲಿರುವ ಬೇರೆಯವರಿಗೂ ಉಪಯೋಗವಾದೀತೆಂದು ಇದನ್ನು ಪತ್ರಿಕೆಯ ಮೂಲಕವೇ ಹೇಳುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಪುಟ್ಟ ಸಾಹಿತ್ಯ ಬಳಗ. ಕಥೆ, ಕವಿತೆ, ಪುಸ್ತಕ ಪರಿಚಯ, ಮಳೆಗಾಲದ ಟಿಪ್ಪಣಿಗಳು, ಅಜ್ಜಿಯರಿಂದ ಬರೆದುಕೊಂಡ ಅಡುಗೆಗಳು, ಹೀಗೆ ಸುಮಾರು 1,400 ಬರಹಗಳಿರುವ ನಮ್ಮ ತಾಣ ನಡೆಯುವುದು ವರ್ಡ್‌ಪ್ರೆಸ್ ಎಂಬ ಬ್ಲಾಗು ತಂತ್ರಾಂಶದ ಮೇಲೆ. ನಾನು ವೃತ್ತಿಯಿಂದ ಗಣಿತದ ಉಪನ್ಯಾಸಕ. ಬಳಗದಲ್ಲಿ ಕಂಪ್ಯೂಟರ್ ಮುಟ್ಟಲು ಹೆದರದವನು ನಾನೊಬ್ಬನೇ ಎಂಬ ಕಾರಣಕ್ಕೆ ಸರ್ವರಿನ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಆ ವರ್ಷ ದೀಪಾವಳಿ ವಿಶೇಷಾಂಕವನ್ನು ರಾತ್ರಿ ಒಂಬತ್ತು ಗಂಟೆಗೆ ಪ್ರಕಟಿಸಿ, ಕೊಂಡಿಯನ್ನು ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿ, ಊಟಕ್ಕೆ ಕುಳಿತಿದ್ದೆ. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ತಾಣದಲ್ಲಿ ಕವಿತೆಯೂ ಇಲ್ಲ, ಕಥೆಯೂ ಇಲ್ಲ; ಬಿಳಿ ಹಾಳೆಯ ಮೇಲೆ ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಬರಹಗಳನ್ನೆಲ್ಲ ಕೂಡಿಟ್ಟಿರುವ ಆ ಡೇಟಾಬೇಸನ್ನು ಮತ್ತೆ ಚಾಲೂ ಮಾಡಿದೆ. ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಅಂದು ರಾತ್ರಿ ಹೀಗೆ ಏಳು ಸಲ ಎಬ್ಬಿಸಿ ಕೂರಿಸಿದ್ದೇನೆ. ಮರುದಿನ ಬೆಳಿಗ್ಗೆ ಹೋಸ್ಟಿಂಗ್‌ನವರಿಗೆ ಬರೆದರೆ, ನಿಮ್ಮ ಪತ್ರಿಕೆಯ ಆ ಓದುಗರಿಗೆ ಸಿಕ್ಕ ಉತ್ತರವೇ ನನಗೂ ಸಿಕ್ಕಿತು: ನಿಮ್ಮ ಪ್ಲಾನ್ ಸಣ್ಣದಾಯಿತು, 4 ಜಿಬಿಗೆ ಏರಿಸಿ. ತಿಂಗಳಿಗೆ ಐನೂರು ರೂಪಾಯಿ ಇದ್ದದ್ದು ಎರಡು ಸಾವಿರವಾಗುತ್ತಿತ್ತು. ಬಳಗದ ವರ್ಷದ ಚಂದಾ ಹಣವೇ ಅಷ್ಟು ಇಲ್ಲ.

ದುಡ್ಡಿಲ್ಲದ್ದರಿಂದ ಸರ್ವರಿನ ದಾಖಲೆಯನ್ನು, ಅಂದರೆ ಲಾಗ್ ಕಡತವನ್ನು, ತೆರೆದು ಓದುವ ಬುದ್ಧಿ ಬಂತು. ಅಲ್ಲಿ ಏಳು ಕಡೆ ಒಂದೇ ಬಗೆಯ ಸಾಲಿತ್ತು: ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್, ಮೈಎಸ್‌ಕ್ಯೂಎಲ್‌ಡಿ. ಮೆಮೊರಿ ಮುಗಿದದ್ದರಿಂದ ಮೈಎಸ್‌ಕ್ಯೂಎಲ್ ಎಂಬ ನಮ್ಮ ಡೇಟಾಬೇಸನ್ನು ಕೊಲ್ಲಲಾಯಿತು ಎಂದು ಇದರ ಅರ್ಥ. ಸರ್ವರನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ಲಿನಲ್ಲಿ ಒಂದು ವ್ಯವಸ್ಥೆ ಇದೆ. ಮೆಮೊರಿ ಪೂರ್ತಿ ಬರಿದಾಗಿ ಇಡೀ ಯಂತ್ರವೇ ಸ್ತಬ್ಧವಾಗುವ ಹಂತ ಬಂದಾಗ, ಯಾವುದಾದರೂ ಒಂದು ಪ್ರಕ್ರಿಯೆಯನ್ನು, ಅಂದರೆ ಓಡುತ್ತಿರುವ ತಂತ್ರಾಂಶವನ್ನು, ಕೊಂದು ಉಳಿದವನ್ನು ಬದುಕಿಸುವುದು ಅದರ ಕೆಲಸ. ಬಲಿಗೆ ಅದು ಸಾಮಾನ್ಯವಾಗಿ ಆರಿಸುವುದು, ಒಂಟಿಯಾಗಿ ಅತಿ ಹೆಚ್ಚು ಮೆಮೊರಿ ಹಿಡಿದುಕೊಂಡಿರುವ ಪ್ರಕ್ರಿಯೆಯನ್ನು. ಬ್ಲಾಗು ತಾಣದ ಸರ್ವರಿನಲ್ಲಿ ಹಾಗೆ ದಪ್ಪಗೆ ಕಾಣುವುದು ಡೇಟಾಬೇಸ್. ನಿಜವಾಗಿ ಮೆಮೊರಿಯನ್ನು ತಿಂದು ಮುಗಿಸಿದ್ದು ಅದರ ಪಕ್ಕದಲ್ಲಿ ಹತ್ತಾರು ಸಂಖ್ಯೆಯಲ್ಲಿ ಹುಟ್ಟಿಕೊಂಡಿದ್ದ, ಓದುಗರಿಗೆ ಪುಟ ಕಳುಹಿಸುವ ವೆಬ್ ಸರ್ವರ್ ತಂತ್ರಾಂಶದ ಸಣ್ಣ ಸಣ್ಣ ಪ್ರಕ್ರಿಯೆಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ. ಸತ್ತದ್ದು ಡೇಟಾಬೇಸ್ ಆದ್ದರಿಂದ ರೋಗವೂ ಅದರದ್ದೇ ಎಂದುಕೊಂಡು ನಾನು ಮೊದಲ ಎರಡು ದಿನ ಡೇಟಾಬೇಸಿನ ದುರಸ್ತಿಯಲ್ಲೇ ಕಳೆದೆ. ನಿಮ್ಮ ಓದುಗರೂ ತಮ್ಮ ಪತ್ರದಲ್ಲಿ ಡೇಟಾಬೇಸ್ ಹಾಳಾಗಿದೆ ಎಂದು ಬರೆದಿರುವುದನ್ನು ನೋಡಿದರೆ ಅವರೂ ಅಲ್ಲೇ ಎಡವಿದ್ದಾರೆಂದು ನನ್ನ ಊಹೆ.

ಈಗ ಗುಣಾಕಾರಕ್ಕೆ ಬರುತ್ತೇನೆ. 1 ಜಿಬಿಯ ಯಂತ್ರದಲ್ಲಿ ನಮ್ಮ ಬಳಕೆಗೆ ಸಿಗುತ್ತಿದ್ದದ್ದು ಸುಮಾರು 960 ಎಂಬಿ. ಅದರಲ್ಲಿ ಆಪರೇಟಿಂಗ್ ಸಿಸ್ಟಂ ಮತ್ತು ಅದರ ಪರಿವಾರ 150, ಡೇಟಾಬೇಸ್ 420, ಉಳಿದದ್ದು 390. ನಮ್ಮಲ್ಲಿದ್ದದ್ದು ಅಪಾಚೆ ವೆಬ್ ಸರ್ವರ್, ಅದರೊಳಗೇ ವರ್ಡ್‌ಪ್ರೆಸ್ಸನ್ನು ಓಡಿಸುವ ಪಿಎಚ್‌ಪಿಯನ್ನು ಕೂರಿಸಿದ ಹಳೆಯ ಪದ್ಧತಿ. ಈ ಪದ್ಧತಿಯಲ್ಲಿ ಪ್ರತಿಯೊಬ್ಬ ಓದುಗನ ಪ್ರತಿ ಕೋರಿಕೆಗೂ ಒಂದು ಪೂರ್ಣ ಪ್ರಕ್ರಿಯೆ ಮೀಸಲಾಗುತ್ತದೆ, ಮತ್ತು ಪ್ರತಿ ಪ್ರಕ್ರಿಯೆಯೂ ಪಿಎಚ್‌ಪಿಯ ಭಾರವನ್ನು ಹೊತ್ತೇ ಇರುತ್ತದೆ. ಅಳೆದು ನೋಡಿದರೆ ಒಂದೊಂದರ ತೂಕ ಸುಮಾರು 60 ಎಂಬಿ. 390 ಭಾಗಿಸು 60, ಅಂದರೆ ಆರು. ಏಕಕಾಲಕ್ಕೆ ಆರು ಪ್ರಕ್ರಿಯೆಗಳನ್ನು ಮಾತ್ರ ತಾಳುವ ಯಂತ್ರದಲ್ಲಿ, ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ರೂಪಗಳವರು ಅಪಾಚೆಗೆ ಹಾಕಿಕೊಡುವ ಸಿದ್ಧ ಮಿತಿ ಎಷ್ಟು ಗೊತ್ತೇ? 150. ನೂರೈವತ್ತನ್ನು ಅರುವತ್ತರಿಂದ ಗುಣಿಸಿದರೆ 9,000 ಎಂಬಿ, ಹೆಚ್ಚುಕಡಿಮೆ 9 ಜಿಬಿ. 4 ಜಿಬಿಗೆ ಏರಿದ್ದರೂ ಮುಂದಿನ ವಿಶೇಷಾಂಕದ ರಾತ್ರಿ ಇದೇ ಪಾಡಾಗುವ ಸಾಧ್ಯತೆ ಇತ್ತೆಂಬುದು ಈ ಲೆಕ್ಕ ಹಾಕಿದ ಮೇಲೆಯೇ ನನಗೆ ಹೊಳೆದದ್ದು.

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಊಟಕ್ಕೆ ಪಂಕ್ತಿ ಕೂರಿಸುವ ಕ್ರಮ ಎಲ್ಲರಿಗೂ ಗೊತ್ತಿದೆ. ಜಗುಲಿಯಲ್ಲಿ ನಲವತ್ತು ಎಲೆ ಹಾಸುವಷ್ಟು ಜಾಗವಿದ್ದರೆ ನಲವತ್ತೇ ಎಲೆ. ಉಳಿದವರು ಎಲೆಯಡಿಕೆ ಮೆಲ್ಲುತ್ತ ಎರಡನೆಯ ಪಂಕ್ತಿಗೆ ಕಾಯುತ್ತಾರೆ, ಯಾರೂ ಹಸಿದು ಮನೆಗೆ ಹೋಗುವುದಿಲ್ಲ. ಬಂದ ನೂರೈವತ್ತು ಜನರನ್ನೂ ಒಟ್ಟಿಗೆ ತುರುಕಿದರೆ ಬಡಿಸುವವನಿಗೆ ಕಾಲಿಡಲು ಜಾಗವಿಲ್ಲದೆ ಯಾರಿಗೂ ಊಟ ಸಿಗುವುದಿಲ್ಲ. ಸರ್ವರಿನ ಮಿತಿಯನ್ನು ತಗ್ಗಿಸುವುದೆಂದರೆ ಓದುಗರನ್ನು ಹೊರಗಟ್ಟುವುದು ಎಂದು ನಮ್ಮ ಬಳಗದಲ್ಲಿಯೂ ಕೆಲವರು ತಕರಾರು ತೆಗೆದರು. ಹಾಗೇನೂ ಆಗುವುದಿಲ್ಲ. ಮಿತಿ ಮೀರಿ ಬಂದ ಕೋರಿಕೆಗಳು ಸರದಿಯಲ್ಲಿ ನಿಲ್ಲುತ್ತವೆ. ಐದು ಪ್ರಕ್ರಿಯೆಗಳು ಒಟ್ಟಿಗೆ ದುಡಿಯುವಾಗ ಪುಟವೊಂದಕ್ಕೆ ಅರ್ಧ ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೂ ಸೆಕೆಂಡಿಗೆ 10 ಪುಟ, ನಿಮಿಷಕ್ಕೆ 600 ಪುಟ ಹೊರಬೀಳುತ್ತವೆ. ಕನ್ನಡದ ಒಂದು ಸಾಹಿತ್ಯ ತಾಣಕ್ಕೆ ನಿಮಿಷಕ್ಕೆ 600 ಓದುಗರು ಬಂದರೆ ನಾವು ಸರ್ವರಿನ ಚಿಂತೆ ಬಿಟ್ಟು ಹಬ್ಬ ಮಾಡಬಹುದು.

ನಾನು ಮಾಡಿದ ಮೊದಲ ಬದಲಾವಣೆ ಇದೇ. ಪಿಎಚ್‌ಪಿಯನ್ನು ಅಪಾಚೆಯ ಹೊಟ್ಟೆಯಿಂದ ಹೊರತೆಗೆದು ಎಫ್‌ಪಿಎಂ ಎಂಬ ಪ್ರತ್ಯೇಕ ಸೇವೆಯಾಗಿ ನಿಲ್ಲಿಸಿ, ಮುಂಬಾಗಿಲಿಗೆ ಎಂಜಿನ್ ಎಕ್ಸ್ ಎಂಬ ವೆಬ್ ಸರ್ವರನ್ನು ಕೂರಿಸಿದೆ. ರಷ್ಯಾದ ಇಗೊರ್ ಸಿಸೊಯೆವ್ ಎಂಬವರು ಬರೆದು 2004ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಒಂದೊಂದು ಸಂಪರ್ಕಕ್ಕೆ ಒಂದೊಂದು ಪ್ರಕ್ರಿಯೆಯನ್ನು ಹುಟ್ಟಿಸುವುದಿಲ್ಲ; ಒಂದೆರಡು ಪ್ರಕ್ರಿಯೆಗಳೇ ಸಾವಿರಾರು ಸಂಪರ್ಕಗಳನ್ನು ನಿಭಾಯಿಸುತ್ತವೆ. ಚಿತ್ರ, ಅಕ್ಷರ ವಿನ್ಯಾಸ, ಶೈಲಿಯ ಕಡತ ಇವನ್ನೆಲ್ಲ ಅದೇ ಬಾಗಿಲಲ್ಲಿ ಕೊಟ್ಟು ಕಳುಹಿಸುತ್ತದೆ, ಪಿಎಚ್‌ಪಿಯ ತನಕ ಹೋಗಬೇಕಾದದ್ದು ಮಾತ್ರ ಒಳಗೆ ಹೋಗುತ್ತದೆ. ಹಿಂದೆ ಒಂದು ಸಣ್ಣ ಲಾಂಛನದ ಚಿತ್ರ ಕೊಡಲೂ 60 ಎಂಬಿಯ ಆಳೊಬ್ಬ ಏಳಬೇಕಿತ್ತು; ಸಾಲದ್ದಕ್ಕೆ ಕೊಟ್ಟ ಮೇಲೂ ಅದೇ ಓದುಗ ಮತ್ತೇನಾದರೂ ಕೇಳಿಯಾನು ಎಂದು ಐದು ಸೆಕೆಂಡು ಕೈಕಟ್ಟಿ ನಿಂತಿರುತ್ತಿದ್ದ. ಎಫ್‌ಪಿಎಂನಲ್ಲಿ ಗರಿಷ್ಠ ಮಕ್ಕಳ, ಅಂದರೆ ಏಕಕಾಲಕ್ಕೆ ದುಡಿಯುವ ಪ್ರಕ್ರಿಯೆಗಳ, ಸಂಖ್ಯೆಯನ್ನು 5 ಎಂದು ಬರೆದು, ಬೇಕಾದಾಗ ಮಾತ್ರ ಹುಟ್ಟಿ ಕೆಲಸವಿಲ್ಲದಾಗ ಸಾಯುವ ಆನ್‌ಡಿಮಾಂಡ್ ಕ್ರಮವನ್ನು ಆರಿಸಿದೆ. ಪ್ರತಿ ಪ್ರಕ್ರಿಯೆಯೂ 500 ಕೋರಿಕೆಗಳನ್ನು ಪೂರೈಸಿದ ಮೇಲೆ ನಿವೃತ್ತಿಯಾಗಿ ಹೊಸದಕ್ಕೆ ಜಾಗ ಕೊಡಬೇಕೆಂದೂ ವಿಧಿಸಿದೆ. ವರ್ಡ್‌ಪ್ರೆಸ್ಸಿಗೆ ಹೊರಗಿನಿಂದ ಜೋಡಿಸುವ ತುಣುಕುಗಳಾದ ಪ್ಲಗಿನ್ನುಗಳಲ್ಲಿ ಕಳಪೆಯವು ಮೆಮೊರಿಯನ್ನು ಹಿಂದಿರುಗಿಸದೆ ಸೋರಿಸುತ್ತ ಹೋಗುವುದಕ್ಕೆ ಇದು ತಕ್ಕ ಕಡಿವಾಣ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು, ಏಕೆಂದರೆ ಅದರಿಂದ ನಾನೇ ಪೆಟ್ಟು ತಿಂದಿದ್ದೇನೆ. ಪಿಎಚ್‌ಪಿಯಲ್ಲಿ ಮೆಮೊರಿ ಲಿಮಿಟ್ ಎಂಬ ಒಂದು ಮಿತಿ ಇದೆ, ಸಹಜ ಬೆಲೆ 128 ಎಂಬಿ. ಯಾವುದೋ ಪ್ಲಗಿನ್ ಮುನಿಸಿಕೊಂಡಾಗಲೆಲ್ಲ ಅದನ್ನು 256ಕ್ಕೋ 512ಕ್ಕೋ ಏರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇದು ತಾಣಕ್ಕೆ ಸಿಗುವ ಒಟ್ಟು ಮೆಮೊರಿ ಎಂದು ಬಹಳ ಜನ ಭಾವಿಸಿದ್ದಾರೆ. ಇದು ಒಂದೊಂದು ಕೋರಿಕೆಗೆ ನಾವು ಕೊಡುವ ಸಾಲದ ಗರಿಷ್ಠ ಮೊತ್ತ. ಐದು ಪ್ರಕ್ರಿಯೆಗಳಿಗೆ ತಲಾ 512 ಎಂಬಿ ಸಾಲ ಮಂಜೂರು ಮಾಡಿ, ಕೈಯಲ್ಲಿ 390 ಇಟ್ಟುಕೊಂಡ ಸಹಕಾರ ಸಂಘ ಎಷ್ಟು ದಿನ ಬಾಳೀತು?

ಹಾಗೆಯೇ, ಮೆಮೊರಿ ಎಷ್ಟು ಉಳಿದಿದೆ ಎಂದು ನೋಡುವುದರಲ್ಲಿಯೂ ದೃಷ್ಟಿದೋಷ ಆಗುವುದುಂಟು. ಫ್ರೀ ಎಂಬ ಆಜ್ಞೆಯನ್ನು ಕೊಟ್ಟಾಗ ಬರುವ ಪಟ್ಟಿಯಲ್ಲಿ ಫ್ರೀ ಎಂಬ ಕಂಬಸಾಲಿನ ಕೆಳಗೆ 40 ಎಂಬಿ ಎಂದು ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ. ನೋಡಬೇಕಾದದ್ದು ಅದರ ಬಲತುದಿಯಲ್ಲಿರುವ ಅವೈಲಬಲ್ ಎಂಬ ಕಂಬಸಾಲನ್ನು. ಖಾಲಿ ಬಿದ್ದ ಮೆಮೊರಿಯನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ. ಈಚೆಗೆ ಓದಿದ ಕಡತಗಳನ್ನು ಅಲ್ಲಿ ತುಂಬಿಟ್ಟುಕೊಂಡು, ಯಾರಾದರೂ ಕೇಳಿದ ಕ್ಷಣ ಬಿಟ್ಟುಕೊಡುತ್ತದೆ. ಇದನ್ನು ಅರಿಯದೆ ಗಂಟೆಗೊಮ್ಮೆ ಆ ಸಂಗ್ರಹವನ್ನು ಬಲವಂತದಿಂದ ಖಾಲಿ ಮಾಡುವ ಆಜ್ಞೆಯನ್ನು ಹಾಕಿಟ್ಟುಕೊಂಡ ಸ್ನೇಹಿತರೊಬ್ಬರನ್ನು ಬಲ್ಲೆ. ಅವರ ತಾಣ ಪ್ರತಿ ಗಂಟೆಯ ಆರಂಭದಲ್ಲಿ ಮುಗ್ಗರಿಸುತ್ತಿದ್ದುದಕ್ಕೆ ಅದೇ ಕಾರಣವಾಗಿತ್ತು.

ಡೇಟಾಬೇಸ್ ನಿರಪರಾಧಿ ಎಂದೆನಾದರೂ ಅದರ ಮೈಯಲ್ಲೂ ಕರಗಿಸಬಹುದಾದ ಕೊಬ್ಬಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ ಪರ್ಫಾರ್ಮೆನ್ಸ್ ಸ್ಕೀಮಾ ಎಂಬ ಒಂದು ವಿಭಾಗ ತನ್ನ ಪಾಡಿಗೆ ತಾನು ಎಲ್ಲ ಚಟುವಟಿಕೆಗಳ ಅಂಕಿಸಂಖ್ಯೆಯನ್ನು ಬರೆದಿಡುತ್ತಿರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಡೇಟಾಬೇಸನ್ನೇ ನೋಡಿಕೊಳ್ಳುವ ನುರಿತವರಿಗೆ ಅದು ಬೇಕು. ನಮ್ಮ ತಾಣದಲ್ಲಿ ಅದನ್ನು ಒಮ್ಮೆಯಾದರೂ ತೆರೆದು ನೋಡಿದವರಿಲ್ಲ. ಅದನ್ನು ಸ್ಥಗಿತಗೊಳಿಸಿದ ಒಂದೇ ಸಾಲಿಗೆ ನಮಗೆ 200 ಎಂಬಿಯಷ್ಟು ಮೆಮೊರಿ ವಾಪಸ್ಸು ಸಿಕ್ಕಿತು. ಅದೇ ಕುಲದ ಮರಿಯಾಡಿಬಿಯಲ್ಲಿ ಈ ವಿಭಾಗ ಸಹಜವಾಗಿಯೇ ಸ್ಥಗಿತವಾಗಿರುತ್ತದೆ. ಬರಹಗಳನ್ನು ಮೆಮೊರಿಯಲ್ಲಿ ಹಿಡಿದಿಡುವ ಬಫರ್ ಪೂಲನ್ನು ಮಾತ್ರ ನಾನು ಮುಟ್ಟಲಿಲ್ಲ. ಅದರ ಸಹಜ ಗಾತ್ರ 128 ಎಂಬಿ. ನಮ್ಮ ತಾಣದ ಅಷ್ಟೂ ವರ್ಷಗಳ ಬರಹ, ಪ್ರತಿಕ್ರಿಯೆ ಎಲ್ಲ ಸೇರಿ ಡೇಟಾಬೇಸಿನ ಗಾತ್ರವೇ 70 ಎಂಬಿ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕೆಂಬುದು ನಿಜ, ಕಾಗುಣಿತದ ಗುರುತಿಗೂ ಒತ್ತಕ್ಷರಕ್ಕೂ ಬೇರೆ ಬೇರೆ ಬೈಟುಗಳೆಂಬುದೂ ನಿಜ. ಆದರೂ 20,000 ಚಿಹ್ನೆಗಳ ದೀರ್ಘ ಪ್ರಬಂಧವೊಂದು 60 ಕೆಬಿಯನ್ನು ದಾಟುವುದಿಲ್ಲ. ಕನ್ನಡ ಬರಹದ ಭಾರಕ್ಕೆ ಸರ್ವರ್ ಕುಸಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟರಲ್ಲೇ ತಾಣ ಬೀಳುವುದು ನಿಂತಿತ್ತು. ಆದರೆ ಕೆಲಸವೇ ಕಡಿಮೆಯಾಗದೆ ಮೆಮೊರಿ ನಿಜವಾಗಿ ಕಡಿಮೆಯಾಗದು. ಬ್ಲಾಗು ಬರಹದ ಸ್ವಭಾವವನ್ನು ನೋಡಿ: ಒಬ್ಬರು ಒಮ್ಮೆ ಬರೆಯುತ್ತಾರೆ, ಸಾವಿರ ಜನ ಅದನ್ನೇ ಓದುತ್ತಾರೆ. ವರ್ಡ್‌ಪ್ರೆಸ್ ಆದರೋ ಆ ಸಾವಿರ ಜನರಿಗೂ ಸಾವಿರ ಸಲ ಹೊಸದಾಗಿ ಅಡುಗೆ ಮಾಡುತ್ತದೆ. ಪ್ರತಿ ಸಲವೂ ಹತ್ತಾರು ಪ್ಲಗಿನ್ನುಗಳನ್ನು ಎಬ್ಬಿಸಿ, ಡೇಟಾಬೇಸಿಗೆ ಹತ್ತಾರು ಪ್ರಶ್ನೆ ಕೇಳಿ, ಪುಟವನ್ನು ಕಟ್ಟಿ, ಓದುಗನಿಗೆ ಕೊಟ್ಟು, ಕಟ್ಟಿದ್ದನ್ನು ಎಸೆದುಬಿಡುತ್ತದೆ. ಒಮ್ಮೆ ಕಟ್ಟಿದ ಪುಟವನ್ನು ಡಿಸ್ಕಿನಲ್ಲಿ ಕಡತವಾಗಿ ಇಟ್ಟುಕೊಂಡು ಮುಂದಿನವರಿಗೆ ಅದನ್ನೇ ಕೊಡುವ ಏರ್ಪಾಡಿಗೆ ಪೇಜ್ ಕ್ಯಾಶ್ ಎನ್ನುತ್ತಾರೆ. ಇದು ದುಡ್ಡಿನ ಕ್ಯಾಶ್ ಅಲ್ಲದಿದ್ದರೂ ಕೊನೆಗೆ ಉಳಿಸುವುದು ದುಡ್ಡನ್ನೇ. ಸೂಪರ್ ಕ್ಯಾಶ್ ಎಂಬ ಉಚಿತ ಪ್ಲಗಿನ್ ಹಾಕಿ, ಇಟ್ಟ ಕಡತಗಳನ್ನು ಎಂಜಿನ್ ಎಕ್ಸ್ ನೇರವಾಗಿ ಕೊಡುವಂತೆ ನಾಲ್ಕು ಸಾಲು ಬರೆದ ಮೇಲೆ, ಹೊರಗಿನ ಓದುಗರಲ್ಲಿ ಬಹುಪಾಲು ಜನರಿಗೆ ಪಿಎಚ್‌ಪಿಯೂ ಏಳುವುದಿಲ್ಲ, ಡೇಟಾಬೇಸೂ ಏಳುವುದಿಲ್ಲ. ಹೊಸ ಪ್ರತಿಕ್ರಿಯೆ ಬಂದರೆ ಆ ಬರಹದ ಕಡತ ತಾನಾಗಿ ಅಳಿದು ಮತ್ತೆ ಕಟ್ಟಿಕೊಳ್ಳುತ್ತದೆ. ಲಾಗಿನ್ ಆಗಿರುವ ಲೇಖಕರಿಗೆ ಮಾತ್ರ ಈ ಸೌಲಭ್ಯ ಸಿಗುವುದಿಲ್ಲ. ನಮ್ಮಲ್ಲಿ ಹಾಗೆ ಒಳಗಿರುವವರು ಎಂಟು ಜನ.

ಆ ಎಂಟು ಜನರ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ವಿಶೇಷಾಂಕದ ಗದ್ದಲವಿಲ್ಲದ ದಿನಗಳಲ್ಲೂ ಮಧ್ಯಾಹ್ನದ ಹೊತ್ತು ಇದ್ದಕ್ಕಿದ್ದಂತೆ ಮೆಮೊರಿ ಏರುತ್ತಿತ್ತು. ಲಾಗಿನ ಸಮಯವನ್ನೂ ಲೇಖನಗಳ ಸಮಯವನ್ನೂ ಹೊಂದಿಸಿ ನೋಡಿದರೆ, ನಮ್ಮ ಪ್ರವಾಸ ಕಥನಗಳ ಲೇಖಕಿ ಫೋಟೋಗಳನ್ನು ಏರಿಸುತ್ತಿದ್ದ ಹೊತ್ತು ಅದು. ಫೋನಿನಲ್ಲಿ ತೆಗೆದ ಜೋಗದ ಚಿತ್ರ ಕಡತವಾಗಿ 4 ಎಂಬಿ ಇರಬಹುದು; ಆದರೆ ಅದನ್ನು ಚಿಕ್ಕದು ಮಾಡಲು ಸರ್ವರ್ ಮೊದಲು ಅದರ ಸಂಕೋಚನವನ್ನು ಬಿಡಿಸಿ ಚುಕ್ಕಿ ಚುಕ್ಕಿಯಾಗಿ ಮೆಮೊರಿಯಲ್ಲಿ ಹರಡಿಕೊಳ್ಳಬೇಕು. ಅಗಲ 4,000, ಎತ್ತರ 3,000 ಚುಕ್ಕಿಗಳ ಚಿತ್ರವೆಂದರೆ 1.2 ಕೋಟಿ ಚುಕ್ಕಿ. ಚುಕ್ಕಿಗೆ 4 ಬೈಟಿನಂತೆ 48 ಎಂಬಿ. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಸಂಸ್ಕರಣ ತಂತ್ರಾಂಶವಿದ್ದರೆ ಚುಕ್ಕಿಗೆ 8 ಬೈಟಿನ ಲೆಕ್ಕದಲ್ಲಿ ಅದು 96 ಎಂಬಿ ಆಗುವುದುಂಟು, ಮತ್ತು ಈ ಮೆಮೊರಿ ಮೇಲೆ ಹೇಳಿದ ಪಿಎಚ್‌ಪಿಯ ಸಾಲದ ಮಿತಿಗೆ ಒಳಪಡುವುದೇ ಇಲ್ಲ. ಈಗಿನ ಫೋನುಗಳ 50 ಮೆಗಾಪಿಕ್ಸೆಲ್ ಚಿತ್ರವಾದರೆ ನಾಲ್ಕೇ ಬೈಟಿನ ಲೆಕ್ಕದಲ್ಲೂ 200 ಎಂಬಿ. ಆಕೆ ಒಂದೇ ಏಟಿಗೆ ಹನ್ನೆರಡು ಚಿತ್ರಗಳನ್ನು ಎಳೆದು ಬಿಡುತ್ತಿದ್ದರು. ವರ್ಡ್‌ಪ್ರೆಸ್ 2019ರ 5.3ನೆಯ ಆವೃತ್ತಿಯಿಂದ ದೊಡ್ಡ ಚಿತ್ರಗಳನ್ನು ತಾನೇ 2,560 ಚುಕ್ಕಿಗಳ ಮಿತಿಗೆ ತಗ್ಗಿಸುತ್ತದೆ, ಸರಿ. ಆದರೆ ತಗ್ಗಿಸುವ ಕೆಲಸವೂ ನಡೆಯುವುದು ಅದೇ ಬಡ ಸರ್ವರಿನಲ್ಲಿ. ಚಿತ್ರಗಳನ್ನು ಫೋನಿನಲ್ಲೇ 1,600 ಚುಕ್ಕಿಗಳ ಅಗಲಕ್ಕೆ ಇಳಿಸಿ ಕಳುಹಿಸಿ ಎಂದು ನಾನು ಕೇಳಿಕೊಂಡೆ. ಮೊದಲು ಸ್ವಲ್ಪ ಮುನಿಸಿಕೊಂಡರು. ಹಳ್ಳಿಯ ನೆಟ್‌ವರ್ಕಿನಲ್ಲಿ ಚಿತ್ರ ಏರುವ ವೇಗ ಹೆಚ್ಚಿದ್ದನ್ನು ಕಂಡ ಮೇಲೆ ಅವರೇ ಉಳಿದವರಿಗೂ ಹೇಳಿಕೊಡುತ್ತಿದ್ದಾರೆ.

ಓದುಗರಲ್ಲದ ಅತಿಥಿಗಳ ಬಗ್ಗೆಯೂ ಹೇಳಬೇಕು. ಬಂದ ಕೋರಿಕೆಗಳ ದಾಖಲೆಯನ್ನು ಒಂದು ಸಂಜೆ ಕುಳಿತು ಓದಿದಾಗ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಒಂದೇ ಕಡತಕ್ಕೆ ಸಾಲುಸಾಲಾಗಿ ಬಡಿತ ಬಿದ್ದಿರುವುದು ಕಂಡಿತು. ಹಳೆಯ ಮೊಬೈಲ್ ಆ್ಯಪ್‌ಗಳಂಥ ಹೊರಗಿನ ಸಾಧನಗಳಿಂದ ಬರಹ ಪ್ರಕಟಿಸಲೆಂದು ಇರುವ ಈ ಬಾಗಿಲು ವರ್ಡ್‌ಪ್ರೆಸ್ಸಿನ 2012ರ 3.5ನೆಯ ಆವೃತ್ತಿಯಿಂದ ಸಹಜವಾಗಿಯೇ ತೆರೆದಿರುತ್ತದೆ. ಪಾಸ್‌ವರ್ಡ್ ಊಹಿಸುವ ಕಳ್ಳ ಯಂತ್ರಗಳಿಗೆ ಅದು ಅಚ್ಚುಮೆಚ್ಚು. ಅವು ಒಳಗೆ ಬರಲಾಗದಿದ್ದರೂ ಪ್ರತಿ ಬಡಿತಕ್ಕೂ ಒಂದು ಪಿಎಚ್‌ಪಿ ಪ್ರಕ್ರಿಯೆ ಎದ್ದು ಬಾಗಿಲಿಗೆ ಹೋಗಬೇಕು. ನಮಗೆ ಆ ಬಾಗಿಲಿನ ಅಗತ್ಯವಿರಲಿಲ್ಲ, ಎಂಜಿನ್ ಎಕ್ಸ್ ಮಟ್ಟದಲ್ಲೇ ಮುಚ್ಚಿದೆ. ಜೆಟ್‌ಪ್ಯಾಕ್ ಪ್ಲಗಿನ್ ಬಳಸುವವರು ಮಾತ್ರ ಯೋಚಿಸಿ ಮುಚ್ಚಬೇಕು, ಅದಕ್ಕೆ ಈ ದಾರಿ ಬೇಕಾಗುತ್ತದೆ. ವರ್ಡ್‌ಪ್ರೆಸ್ಸಿನ ಕಾಲನಿಯತ ಕೆಲಸಗಳು ಓದುಗರ ಭೇಟಿಯ ಬೆನ್ನೇರಿ ನಡೆಯುವುದನ್ನು ತಪ್ಪಿಸಿ, ಹದಿನೈದು ನಿಮಿಷಕ್ಕೊಮ್ಮೆ ಲಿನಕ್ಸಿನ ಕ್ರಾನ್ ಎಂಬ ವೇಳಾಪಟ್ಟಿ ಸೇವೆಯ ಮೂಲಕ ನಡೆಯುವಂತೆ ಮಾಡಿದೆ. ಬರಹದ ಸಂಪಾದನಾ ಪುಟವನ್ನು ತೆರೆದಿಟ್ಟು ಊಟಕ್ಕೆ ಹೋಗುವ ಲೇಖಕರಿಗೂ ಒಂದು ಕಿವಿಮಾತು ಹೇಳಿದೆ: ಆ ಪುಟ ತೆರೆದಿರುವಷ್ಟು ಹೊತ್ತೂ ನೀವು ಬದುಕಿದ್ದೀರೆಂದು ಅದು ಸರ್ವರ್ ಯಂತ್ರಕ್ಕೆ ಆಗಾಗ ವರದಿ ಒಪ್ಪಿಸುತ್ತಿರುತ್ತದೆ.

ಕೈಹಾಕಿ ಪ್ರಯೋಜನವಾಗದ್ದನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಹಳೆಯ ಕರಡು ಪ್ರತಿಗಳನ್ನು ಅಳಿಸಿದರೆ ಮೆಮೊರಿ ಉಳಿಯುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ಒಂದು ಭಾನುವಾರವನ್ನೇ ಅದಕ್ಕೆ ಸುರಿದೆ. ಡಿಸ್ಕಿನಲ್ಲಿ ಸ್ವಲ್ಪ ಜಾಗ ಉಳಿಯಿತು, ಮೆಮೊರಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಬದಲಾಗಲಿಲ್ಲ. ವೇಗಕ್ಕೆಂದು ರೆಡಿಸ್ ಎಂಬ ಮೆಮೊರಿ ಸಂಗ್ರಹವನ್ನು ಹಾಕಿ ನೋಡಿದೆ. ಮೆಮೊರಿಯೇ ಇಲ್ಲದ ಮನೆಗೆ ಮೆಮೊರಿಯಲ್ಲೇ ಬದುಕುವ ಇನ್ನೊಬ್ಬ ಬಾಡಿಗೆದಾರನನ್ನು ಕರೆತಂದಂತಾಯಿತು, ಅದೂ ನಾವಾಗಿ ಗೆರೆ ಹಾಕದಿದ್ದರೆ ಬೆಳೆಯುತ್ತಲೇ ಹೋಗುವ ಬಾಡಿಗೆದಾರ. ವಾರದೊಳಗೆ ತೆಗೆದುಹಾಕಿದೆ. ಪ್ಲಗಿನ್ನುಗಳ ಸಂಖ್ಯೆಯನ್ನು 31ರಿಂದ 11ಕ್ಕೆ ಇಳಿಸಿದ್ದು ಮಾತ್ರ ನಿಜಕ್ಕೂ ಫಲ ಕೊಟ್ಟಿತು. ಅದಕ್ಕಿಂತ ಹೆಚ್ಚಾಗಿ, ಎಂದೋ ಕಿತ್ತೆಸೆದ ಪ್ಲಗಿನ್ನುಗಳು ಡೇಟಾಬೇಸಿನ ಆಯ್ಕೆಗಳ ಕೋಷ್ಟಕದಲ್ಲಿ ಬಿಟ್ಟುಹೋದ ಕಸವನ್ನು ಗುಡಿಸಿದ್ದು. ಪ್ರತಿ ಕೋರಿಕೆಯಲ್ಲೂ ತಾನಾಗಿ ಮೆಮೊರಿಗೆ ಏರುವ ಸಾಲುಗಳು ಆ ಕೋಷ್ಟಕದಲ್ಲಿರುತ್ತವೆ, ನಮ್ಮಲ್ಲಿ ಅವು 3 ಎಂಬಿಗೂ ಮಿಕ್ಕಿದ್ದವು. 800 ಕೆಬಿ ದಾಟಿದರೆ ವರ್ಡ್‌ಪ್ರೆಸ್ಸಿನ ಆರೋಗ್ಯ ತಪಾಸಣೆಯ ಪುಟವೇ ಈಗ ಎಚ್ಚರಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಮೆಮೊರಿ ತುಂಬಿದಾಗ ಡಿಸ್ಕಿನ ಜಾಗವನ್ನೇ ಮೆಮೊರಿಯಂತೆ ಬಳಸಲು 1 ಜಿಬಿಯ ಒಂದು ಸ್ವಾಪ್ ಕಡತವನ್ನೂ ಇಟ್ಟೆ. ಅಗ್ಗದ ಸರ್ವರುಗಳು ಎಷ್ಟೋ ಸಲ ಸ್ವಾಪ್ ಇಲ್ಲದೆಯೇ ಕೈಗೆ ಬರುತ್ತವೆ, ಹಾಗಾಗಿ ಕೊನೆಯ ಎಂಬಿ ಮುಗಿದ ಕ್ಷಣವೇ ಕರ್ನೆಲ್ ಕತ್ತಿ ಹಿರಿಯುತ್ತದೆ. ಡಿಸ್ಕಿನ ಸ್ವಾಪ್ ನಿಜವಾದ ಮೆಮೊರಿಗಿಂತ ಬಹಳ ನಿಧಾನ. ನಿತ್ಯದ ಸಂಸಾರವನ್ನು ಅದರ ಮೇಲೆ ಸಾಗಿಸಿದರೆ ತಾಣ ಬೀಳುವ ಬದಲು ತೆವಳುತ್ತದೆ. ಆಪತ್ತಿಗೆ ಇಟ್ಟ ಹಿತ್ತಲ ಬಾಗಿಲಿನಂತೆ ಇದ್ದರೆ ಸಾಕು. ಅದಕ್ಕೇ ಸ್ವಾಪಿನ ಕಡೆಗಿನ ಒಲವನ್ನು ಸೂಚಿಸುವ ಸಂಖ್ಯೆಯನ್ನು ಸಹಜವಾದ 60ರಿಂದ 10ಕ್ಕೆ ಇಳಿಸಿದ್ದೇನೆ.

ಸರ್ವರಿನ ತಲೆನೋವೇ ಬೇಡವೆಂದು ಹ್ಯೂಗೊ, ಜೆಕಿಲ್‌ನಂಥ ಸಾಧನಗಳಿಂದ ಪುಟಗಳನ್ನು ಮೊದಲೇ ಕಟ್ಟಿ ಇಡಬಹುದಲ್ಲ ಎಂದು ಬಲ್ಲವರು ಕೇಳಿಯಾರು. ಒಬ್ಬರೇ ಬರೆಯುವ ಬ್ಲಾಗಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಲ್ಲಿ ಪಿಎಚ್‌ಪಿಯೂ ಇಲ್ಲ, ಡೇಟಾಬೇಸೂ ಇಲ್ಲ, ಕೆಲವೇ ಎಂಬಿಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಪ್ಪತ್ತು ದಾಟಿದ ನಮ್ಮ ಹಿರಿಯ ಕವಿಗಳು ತಾವೇ ಕವಿತೆ ಏರಿಸಿ, ಮಧ್ಯರಾತ್ರಿ ಒಂದು ಪದ ತಿದ್ದಿ, ಬಂದ ಪ್ರತಿಕ್ರಿಯೆಗೆ ಉತ್ತರಿಸಿ ಸಂತೋಷಪಡುವ ಸೌಲಭ್ಯವನ್ನು ಮೆಮೊರಿಯ ನೆಪದಲ್ಲಿ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಫೇಸ್‌ಬುಕ್ಕಿಗೆ ಹೋಗಿಬಿಡುತ್ತೇವೆ ಎಂಬ ನಿಮ್ಮ ಓದುಗರ ಮಾತಂತೂ ನನಗೆ ಹಿಡಿಸಲಿಲ್ಲ. ಹನ್ನೆರಡು ವರ್ಷಗಳ ಬರಹ ಅಲ್ಲಿಗೆ ಹೇಗೆ ಹೋದೀತು, ಹೋದರೂ ಹುಡುಕುವವರಿಗೆ ಎಲ್ಲಿ ಸಿಕ್ಕೀತು?

ಎಲ್ಲ ತಾಣಗಳೂ 1 ಜಿಬಿಯಲ್ಲಿ ಬದುಕಬಲ್ಲವೆಂದು ನಾನು ವಾದಿಸುತ್ತಿಲ್ಲ. ಪುಸ್ತಕ ಮಾರುವ ಅಂಗಡಿ, ನೂರಾರು ಸದಸ್ಯರು ಏಕಕಾಲಕ್ಕೆ ಲಾಗಿನ್ ಆಗಿ ಚರ್ಚಿಸುವ ತಾಣ, ಇಂಥ ಕಡೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪುಟ ಕಟ್ಟಿಕೊಡಬೇಕಾದ್ದರಿಂದ ಮೆಮೊರಿ ಬೇಕೇ ಬೇಕು. ನನ್ನ ಆಕ್ಷೇಪ ಇರುವುದು ಯಾವುದನ್ನೂ ಅಳೆಯದೆ ಪ್ಲಾನ್ ಏರಿಸಿ ಎಂದು ಹೇಳಿಬಿಡುವ ಸಿದ್ಧ ಉತ್ತರದ ಬಗ್ಗೆ. ರಕ್ತ ಪರೀಕ್ಷೆ ಮಾಡಿಸದೆ ಬಾಟಲಿ ಏರಿಸುವ ವೈದ್ಯರನ್ನು ನಾವು ಪ್ರಶ್ನಿಸುತ್ತೇವೆ. ಇಲ್ಲೂ ಯಾವ ಪ್ರಕ್ರಿಯೆ ಎಷ್ಟು ಮೆಮೊರಿ ತಿನ್ನುತ್ತಿದೆ, ಮಿತಿ ಎಷ್ಟಿದೆ ಎಂದು ಎರಡು ಪ್ರಶ್ನೆ ಕೇಳುವ ಹಕ್ಕು ಹಣ ಕೊಡುವ ಗ್ರಾಹಕನಿಗಿದೆ. ನಮ್ಮ ತಾಣ ಇಂದಿಗೂ ಅದೇ ಐನೂರು ರೂಪಾಯಿಯ ಯಂತ್ರದಲ್ಲಿದೆ. ಈ ವರ್ಷದ ಯುಗಾದಿ ವಿಶೇಷಾಂಕದ ರಾತ್ರಿ ನಾನು ಊಟಕ್ಕೆ ಕೂರದೆ ಪರದೆಯ ಮುಂದೆಯೇ ಕುಳಿತಿದ್ದೆ. ಅವೈಲಬಲ್ ಕಂಬಸಾಲು 410 ಎಂಬಿಗಿಂತ ಕೆಳಗೆ ಇಳಿಯಲಿಲ್ಲ.

ನಿಮ್ಮ ಪತ್ರಲೇಖಕರಿಗೆ ತಿಂಗಳ ಕೊನೆಯವರೆಗೂ ಸಮಯವಿದೆ. ಎಂಜಿನ್ ಎಕ್ಸ್, ಎಫ್‌ಪಿಎಂ ಇತ್ಯಾದಿಗಳಿಗೆ ಈಗಲೇ ಕೈಹಾಕುವ ಧೈರ್ಯವಿಲ್ಲದಿದ್ದರೆ ಚಿಂತೆಯಿಲ್ಲ. ಮೊದಲು ಇಡೀ ತಾಣದ ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಲಿ. ಅಪಾಚೆಯ ಪ್ರಿಫೋರ್ಕ್ ಎಂಬ ವಿನ್ಯಾಸ ಕಡತದಲ್ಲಿ ಮ್ಯಾಕ್ಸ್ ರಿಕ್ವೆಸ್ಟ್ ವರ್ಕರ್ಸ್ ಎಂಬ ಸಾಲಿನ ಎದುರು 150 ಎಂದಿರುವುದನ್ನು ಅಳಿಸಿ 6 ಎಂದು ಬರೆಯಲಿ, ಮುಖ್ಯ ಕಡತದಲ್ಲಿ ಕೀಪ್ ಅಲೈವ್ ಕಾಯುವ ಅವಧಿಯನ್ನು 5 ಸೆಕೆಂಡಿನಿಂದ 1ಕ್ಕೆ ಇಳಿಸಲಿ, ಪೇಜ್ ಕ್ಯಾಶ್ ಪ್ಲಗಿನ್ ಒಂದನ್ನು ಹಾಕಿ ಚಾಲೂ ಮಾಡಲಿ. ಅಪಾಚೆಯನ್ನು ಮರುಚಾಲನೆ ಮಾಡುವುದೂ ಸೇರಿ ಅರ್ಧ ಗಂಟೆಯ ಕೆಲಸ. ಎರಡು ದಿನ ಬಿಟ್ಟು, ಸರ್ವರಿನ ದಾಖಲೆಯಲ್ಲಿ ಔಟ್ ಆಫ್ ಮೆಮೊರಿ ಎಂಬ ಸಾಲು ಹೊಸದಾಗಿ ಬಂದಿದೆಯೇ ಎಂದು ನೋಡಲಿ. ಬಂದಿದ್ದರೆ ಆ ಸಾಲನ್ನೂ ಅದರ ಮೇಲಿನ ಪಟ್ಟಿಯನ್ನೂ ಪತ್ರಿಕೆಯ ಕಚೇರಿಗೆ ಕಳುಹಿಸಿದರೆ, ತಾವು ಅದನ್ನು ನನಗೆ ತಲುಪಿಸುವ ಕೃಪೆ ಮಾಡಬೇಕು. ಉಳಿದ ಲೆಕ್ಕವನ್ನು ನಾನು ಹಾಕಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗಣಿತ ಉಪನ್ಯಾಸಕ, ಸಾಗರ, ಶಿವಮೊಗ್ಗ ಜಿಲ್ಲೆ